ಜರ್ಮನಿ ಪದ್ಧತಿಯ ಮೆಣಸಿನಕಾಯಿ

ಸೂರ್ಯಕಾಂತನಿಗೆ ಜರ್ಮನಿಯ ಮೇಲೆ ಅಪಾರ ಭಕ್ತಿ. ಅಲ್ಲಿಯ ಮೊಳೆ ಸಹ ಸೊಟ್ಟಗಾಗುವುದಿಲ್ಲ ಎಂಬುದು ಅವನ ನಂಬಿಕೆ (ಜರ್ಮನಿಯ ಮೊಳೆಯನ್ನು ಅವನು ಕಂಡವನೇ ಅಲ್ಲ). ಹೀಗಾಗಿ ಹೆಂಡತಿ ಶೈಲಶ್ರೀಯ ಚಟ್ನಿಪುಡಿ ವ್ಯಾಪಾರಕ್ಕೆ ಹೊಸದಾಗಿ ಬಂದ ಆನ್‌ಲೈನ್ ಸಾಫ್ಟ್‌ವೇರು ‘ನಿಮ್ಮ ದೇಶ ಯಾವುದು?’ ಎಂದು ಕೇಳಿದಾಗ, ಬೇಗಂಪೇಟೆಯ ಮೂರನೇ ಮಹಡಿಯಲ್ಲಿ ಕುಳಿತೇ ಧೀರೋದಾತ್ತನಾಗಿ ‘ಜರ್ಮನಿ’ ಒತ್ತಿದ್ದ. ಲೆಕ್ಕ ಪಕ್ಕಾ ಬರಬೇಕಲ್ಲ! ಆಮೇಲೆ ಎರಡೂವರೆ ಕಿಲೋ ಬ್ಯಾಡಗಿ ಮೆಣಸಿನಕಾಯಿಗೆ, ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಕಾಣುವಂತೆಯೇ 2.500 ಎಂದು ಬರೆದು ಆರ್ಡರ್ ಕಳಿಸಿ, ಕಾಯಿಪಲ್ಲೆ ತರಲು ಹೊರಟ.

ಬಂಡಿಯ ಮುಂದೆ ನಿಂತು ಬದನೆಕಾಯಿ ಆರಿಸುತ್ತಿದ್ದಾಗ ಶಂಶಾಬಾದ್ ಗೋದಾಮಿನ ವ್ಯಾಪಾರಿ ಹುಸೇನಪ್ಪನ ಫೋನ್ ಬಂತು.

“ಸಾಹೇಬ್ರ, ಎರಡೂವರಿ ಸಾವಿರ ಕಿಲೋ ಅಂತ ಆರ್ಡರ್ ಬಂದೈತ್ರಿ. ಲಾರಿ ತುಂಬಾಕತ್ತೀವಿ. ಬದಲು ಮಾಡೂದಿದ್ರ ಲಗೂನ ಮಾಡ್ರಿ. ಗಾಡಿ ಬಿಟ್ಟಮ್ಯಾಗ ವಾಪಸ್ ಇಲ್ರಿ.”

ಸೂರ್ಯಕಾಂತ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಎರಡೂವರೆ ಟನ್! ಅಡುಗೆಮನೆ, ಪಡಸಾಲೆ, ದೇವರ ಕೋಣೆ ತುಂಬಿ ಉಳಿದದ್ದನ್ನು ಲಿಫ್ಟಿನಲ್ಲಿ ಇಡಬೇಕು. ಇಡೀ ಅಪಾರ್ಟ್‌ಮೆಂಟು ಕೆಮ್ಮುತ್ತ ಜಗಳಕ್ಕೆ ಬರುತ್ತದೆ. ಅದನ್ನಾದರೂ ಹೇಗೋ ಸಹಿಸಬಹುದು. ಆದರೆ ಶೈಲಶ್ರೀ? ಇಷ್ಟು ವರ್ಷ ಒಬ್ಬಳೇ ಹುರಿದು, ಕುಟ್ಟಿ ಕಟ್ಟಿದ ವ್ಯಾಪಾರ ಗಂಡನ ಒಂದು ಬೆರಳಿನಿಂದ ಮುಳುಗಿತೆಂದು ತಿಳಿದರೆ? ಬದನೆಕಾಯಿ ಅಲ್ಲೇ ಬಿಟ್ಟು ಓಡಿದ.

ಶೈಲಶ್ರೀ ಒಳಗೆ ಶೇಂಗಾ ಹುರಿಯುತ್ತಿದ್ದಳು. ಕಳ್ಳಹೆಜ್ಜೆಯಿಟ್ಟು ಲ್ಯಾಪ್‌ಟಾಪ್ ತೆರೆದ. ಆರ್ಡರಿನ ಮುಂದೆ 2,5 ಎಂದಿತ್ತು. ಕಾಮಾ! ಸಾವಿರ ದಾಟಿದ ಮೇಲಲ್ಲವೇ ಕಾಮಾ ಬೀಳುವುದು? ಇದೇ ಆ ಪಾಪಿ! ಅದನ್ನು ಅಳಿಸಿ, 2.500 ಎಂದು ಬರೆದು, ಚುಕ್ಕೆಯನ್ನು ಮತ್ತೆ ಮತ್ತೆ ನೋಡಿ ಒತ್ತಿಬಿಟ್ಟ. ಹೋದ ಜೀವ ಬಂದಂತಾಯಿತು.

“ಯಾಕ್ರೀ, ಮಾರಿ ಹಿಂಗ್ಯಾಕ ಬಿಳಚಿಕೊಂಡೈತಿ? ಕಾಯಿಪಲ್ಲೆ ಎಲ್ಲಿ?” ಶೈಲಶ್ರೀ ಬಾಗಿಲಲ್ಲಿ ನಿಂತಿದ್ದಳು.

“ಏನಿಲ್ಲ... ಬಿಸಲು ಭಾಳ ಐತಿ.”

“ಅಂಜಬ್ಯಾಡ್ರಿ, ನಂಗೆಲ್ಲಾ ಗೊತ್ತಾಗೈತಿ. ಆರ್ಡರ್ ನೋಡಿ ಎದಿ ಝಲ್ ಅಂತು. ಗಚ್ಚಿಬೌಲಿ ಐಟಿ ಕಂಪನಿಯಾಗಿರೂ ನಮ್ಮ ಮಗಳಿಗೆ ಫೋನ್ ಮಾಡಿ ಕೇಳಿದೆ. ಜರ್ಮನಿಯಾಗ ಚುಕ್ಕಿ ಇಟ್ರ ಸಾವಿರ ಅಂತ, ಕಾಮಾ ಇಟ್ರ ನಮ್ಮ ಪಾಯಿಂಟ್ ಇದ್ದಂಗಂತ. ಆಗ್ಲೇ 2,5 ಮಾಡಿ ಇಟ್ಟೀನಿ. ಆದದ್ದಾತು, ಬಿಡ್ರಿ.”

ಮದುವೆಯಾದಂದಿನಿಂದ ಅವಳು ಇಷ್ಟು ಮೃದುವಾಗಿ ಮಾತಾಡಿದ್ದು ಇದೇ ಮೊದಲು. ಆ ಸುಖ ಅನುಭವಿಸಲು ಅವನಿಗೆ ಪುರಸೊತ್ತು ಸಿಗಲಿಲ್ಲ. ಅವಳ ಫೋನ್ ಹೊಡೆದುಕೊಂಡಿತು. ಹುಸೇನಪ್ಪನ ದನಿ ಅವನಿಗೂ ಸ್ಪಷ್ಟವಾಗಿ ಕೇಳಿಸಿತು.

“ಅಕ್ಕಾರ, ಮೊದಲ ಕಮ್ಮಿ ಮಾಡಿದ್ರಿ ಅಂತ ಚೀಲ ಇಳಸಾಕ ಹೊಂಟಿದ್ವಿ. ಮತ್ತ ಹೆಚ್ಚ ಮಾಡಿದ್ರಿ, ಚಲೋ ಆತು. ಗಾಡಿ ಈಗ ಬಿಟ್ಟೈತ್ರಿ!”

ಶೈಲಶ್ರೀ ಫೋನ್ ಇಟ್ಟಳು. ಲ್ಯಾಪ್‌ಟಾಪ್ ನೋಡಿದಳು, ಗಂಡನನ್ನು ನೋಡಿದಳು. ಒಳಗೆ ಹೋಗಿ ದೊಡ್ಡ ಮೊರವೊಂದನ್ನು ತಂದು ಅವನ ಮುಂದಿಟ್ಟಳು.

“ಲಗೂನ ಉಂಡುಬಿಡ್ರಿ. ಲಾರಿ ಬಂದಮ್ಯಾಗ ತೊಟ್ಟು ಬಿಡಸಾಕ ಕೂಡೂದೈತಿ. ಅದಽ ಕೈಲೆ ಕಣ್ಣ ಮುಟ್ಟಬ್ಯಾಡ್ರಿ, ಉರೀತಾವ.”

ಮೆಣಸಿನಕಾಯಿ ಇನ್ನೂ ಶಂಶಾಬಾದ್ ದಾಟಿರಲಿಲ್ಲ. ಸೂರ್ಯಕಾಂತನ ಕಣ್ಣಲ್ಲಿ ಆಗಲೇ ನೀರಿತ್ತು.