ಇಳಿಯುವ ಬಾಗಿಲು

ಚಳಿಗಾಲ ಇನ್ನೇನು ಮುಗಿಯಿತು ಎನ್ನುವಂಥ ಒಂದು ಶನಿವಾರ, ಬೆಳಗಿನ ಎಳೆಬಿಸಿಲಿನ ಹೊತ್ತು. ಪ್ರಯಾಣಿಕರ ದೊಡ್ಡ ಹಡಗೊಂದು ಬಂದರಿಗೆ ತಾಗಿ ನಿಂತಿತ್ತು. ಎಲ್ಲರೂ ಇಳಿಯುವ ದಿನ. ಆಗ ಪೋಸ್ಟಣ್ಣನಿಗೆ ಇನ್ನೊಂದು ಲೋಟ ಚಹಾ ಕುಡಿಯುವ ಮನಸ್ಸಾಯಿತು. ಆದದ್ದಕ್ಕೆಲ್ಲ ಮೂಲ ಅದೊಂದೇ.

ಪೋಸ್ಟಣ್ಣ ತಲೆಗೂದಲು ಬೆಳ್ಳಗಾಗುವವರೆಗೆ ಊರಿಗೆಲ್ಲ ಟಪಾಲು ಹಂಚಿದವನು. ಮುರಿದ ಗೇಟು, ಸೋರುವ ನಲ್ಲಿ, ಬೊಗಳುವ ನಾಯಿ, ಇಂಥ ಗುರುತಿನ ಮೇಲೆ ಯಾರ ಮನೆಯನ್ನಾದರೂ ಕಣ್ಣುಮುಚ್ಚಿ ತಲುಪುತ್ತಿದ್ದ. ಹಡಗಿನಲ್ಲಿ ನಾಯಿ ಎಲ್ಲಿಂದ ಬರಬೇಕು? ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಬಾಗಿಲುಗಳು, ಕೊನೆಯೇ ಕಾಣದ ಓಣಿಗಳು. ವಾರವಿಡೀ ಅವನು ಕಳೆದುಹೋದ. ಒಮ್ಮೆ ಯಾರದೋ ಕೋಣೆಗೆ ನುಗ್ಗಿ, ಯಾರದೋ ಮಂಚದ ಮೇಲೆ ಕಾಲು ಚಾಚಿ, ಯಾರದೋ ಅತ್ತೆಯ ಕೈಯಲ್ಲಿ ಬೈಸಿಕೊಂಡು ಬಂದಿದ್ದ.

"ಎಲ್ಲಿಗ್ರೀ ಹೊರಟ್ರಿ? ಕೆಳಗೆ ಮಗಳು ಕಾಯ್ತಿರ್ತಾಳೆ. ಮೊಮ್ಮಗಳ ಮುಖ ನೋಡೋದು ಬೇಡ್ವಾ?" ಎಂದಳು ಹೆಂಡತಿ.

ಮಗಳನ್ನು ಕೊಟ್ಟದ್ದು ಆ ಬಂದರಿನ ಊರಿಗೇ. ಹೆತ್ತು ತಿಂಗಳಾಗಿತ್ತು, ಮಗುವನ್ನು ಇವರಿನ್ನೂ ಕಂಡಿರಲಿಲ್ಲ. ಪ್ರಯಾಣ ಹೊರಟದ್ದೇ ಅದಕ್ಕೆ. ಮಗುವನ್ನು ಮೊದಲು ಎತ್ತಿಕೊಳ್ಳುವವನು ತಾನೇ ಎಂದು ಪೋಸ್ಟಣ್ಣ ದಾರಿಯುದ್ದಕ್ಕೂ ಸಾರಿಕೊಂಡು ಬಂದಿದ್ದ.

"ಚಾ ಕುಡ್ದು ನೇರ ಇಳಿಯೋ ಬಾಗ್ಲಿಗೇ ಬರ್ತೀನಿ. ನೀವು ನಡೀರಿ."

"ಭಾವ, ನೀವು ನೇರ ಬರೋದಾ?" ಜೊತೆಗೆ ಬಂದಿದ್ದ ಭಾಮೈದ ಹೊಟ್ಟೆ ಹಿಡಿದುಕೊಂಡು ನಕ್ಕ. "ನಂಗೆ ಈ ಹಡಗಿನ ಮೂಲೆಮೂಲೆ ಗೊತ್ತು. ಬೆರಳು ಹಿಡ್ಕೊಳ್ಳಿ, ಕರ್ಕೊಂಡೋಗ್ತೀನಿ."

ಪೋಸ್ಟಣ್ಣನಿಗೆ ಮೈಯೆಲ್ಲ ಉರಿಯಿತು. "ಯಾರನ್ನೂ ದಾರಿ ಕೇಳದೆ ಬರ್ತೀನಿ ಕಣೋ, ನೋಡ್ತಿರು!"

"ಹಂಗಾದ್ರೆ ನಿಮ್ಮ ಕಾರ್ಡಾದ್ರೂ ಕೊಟ್ಟಿರಿ. ಅದನ್ನೂ ಕಳೆದ್ರೆ ಇಳಿಯೋಕೇ ಬಿಡಲ್ಲ."

ಹಡಗಿನಲ್ಲಿ ಹತ್ತಲು ಇಳಿಯಲು ಎಲ್ಲಕ್ಕೂ ಆ ಕಾರ್ಡೇ ಬೇಕು. ಅದನ್ನು ಭಾಮೈದನ ಕೈಗಿಟ್ಟು ಪೋಸ್ಟಣ್ಣ ಮೇಲಕ್ಕೆ ಹೋದ.

ಚಹಾ ಸಿಕ್ಕಿತು. ದಾರಿ ಸಿಗಲಿಲ್ಲ. ಇಳಿದ ಮೆಟ್ಟಿಲೇ ಮತ್ತೆ ಎದುರಾಯಿತು. ಎಡಕ್ಕೆ ತಿರುಗಿದರೂ ಬಲಕ್ಕೆ ತಿರುಗಿದರೂ ಅದೇ ನೀಲಿ ಕಾರ್ಪೆಟ್ಟು, ಅದೇ ಮಂಕು ದೀಪ. ಮೊದಮೊದಲು ಪೆಟ್ಟಿಗೆ ಎಳೆದುಕೊಂಡು ಹೋಗುವವರು ಕಾಣುತ್ತಿದ್ದರು. ಕೇಳಿದ್ದರೆ ದಾರಿ ತೋರಿಸುತ್ತಿದ್ದರು. ಆದರೆ ಭಾಮೈದನ ನಗು ಕಿವಿಯಲ್ಲಿತ್ತು, ಕೇಳಲಿಲ್ಲ. ಬರಬರುತ್ತಾ ಜನ ತೆಳುವಾದರು. ಕೊನೆಗೆ ಕೇಳೋಣವೆಂದರೂ ಯಾರೂ ಇರಲಿಲ್ಲ.

ಅಷ್ಟು ದೊಡ್ಡ ಹಡಗು ಒಮ್ಮೆಲೇ ಉಸಿರು ಬಿಗಿಹಿಡಿದಂತೆ ಸುಮ್ಮನಾಯಿತು. ಕಾಲಡಿಯಲ್ಲಿ ಮಾತ್ರ ಏನೋ ಸಣ್ಣಗೆ ಗುಂಯ್ ಎನ್ನುತ್ತಿತ್ತು, ನೆಲದೊಳಗೆ ಯಾರೋ ನರಳುವ ಹಾಗೆ. ಲಿಫ್ಟು ತಾನಾಗಿ ಬಂದು ನಿಂತು, ಬಾಯಿ ತೆರೆದು, ಯಾರನ್ನೂ ಹತ್ತಿಸಿಕೊಳ್ಳದೆ ಮುಚ್ಚಿಕೊಂಡು ಹೋಯಿತು. ಒಂದು ಓಣಿ ತಿರುಗಿದರೆ, ಅಲ್ಲಿಯ ಬಾಗಿಲುಗಳೆಲ್ಲ ಹಾರುಹೊಡೆದಿದ್ದವು. ಒಳಗೆ ಬರಿ ಮಂಚಗಳು. ಗೋಡೆಯುದ್ದಕ್ಕೂ ಬಿಳಿಯ ಬಟ್ಟೆ ಸುತ್ತಿದ, ಮನುಷ್ಯರಷ್ಟೇ ಉದ್ದದ ಗಂಟುಗಳನ್ನು ಮಲಗಿಸಿದ್ದರು.

ಪೋಸ್ಟಣ್ಣ ಬಗ್ಗಿ ನೋಡಿದ. ಕಾಲಿನಿಂದ ಒಂದನ್ನು ಮೆಲ್ಲನೆ ತಿವಿದ. ಮೆತ್ತಗಿತ್ತು. ಬಿಚ್ಚಿ ನೋಡುವ ಧೈರ್ಯ ಬರಲಿಲ್ಲ. ಬಿಚ್ಚಿದ್ದರೆ ಹಾಸಿಗೆಯ ಚಾದರಗಳೆಂದು ತಿಳಿಯುತ್ತಿತ್ತು.

ಅಷ್ಟರಲ್ಲಿ ಮೂಗುಬಾಯಿ ಮುಚ್ಚಿಕೊಂಡ ಹೆಂಗಸೊಬ್ಬಳು ಒಂದು ಕೋಣೆಯಿಂದ ಬಂದಳು. ಕೋಣೆ ಗುಡಿಸುವವಳು.

"ತಾಯೀ, ಇಳಿಯೋ ಬಾಗ್ಲು ಎಲ್ಲಮ್ಮಾ?"

ಅವಳು ತಿರುಗಿಯೂ ನೋಡಲಿಲ್ಲ. ಕಿವಿಯೊಳಗೆ ಹಾಡು ಸಿಕ್ಕಿಸಿಕೊಂಡಿದ್ದಳು, ಅದು ಇವನಿಗೆ ಕಾಣಲಿಲ್ಲ. ಇವನ ಪಕ್ಕದಿಂದಲೇ ಗಾಳಿಯಂತೆ ಹಾದು ಹೋದಳು. ಪೋಸ್ಟಣ್ಣ ತನ್ನ ಕೈ ತಾನೇ ಚಿವುಟಿಕೊಂಡ. ನೋಯಿತು. ಆದರೆ ಸತ್ತವರಿಗೂ ನೋಯುತ್ತದೋ ಏನೋ, ಹೇಳಿದವರು ಯಾರು?

ಅಂತೂ ಮಧ್ಯಾಹ್ನ ಇಳಿಯುವ ಹೊತ್ತಿಗೆ ತನ್ನ ಕೋಣೆ ಸಿಕ್ಕಿತು. ವಾರದಲ್ಲಿ ಮೊದಲ ಸಲ ತಾನಾಗಿಯೇ ಸಿಕ್ಕಿತು. ಒಳಗೆ ಪೆಟ್ಟಿಗೆಯಿಲ್ಲ, ಹೆಂಡತಿಯ ಎಣ್ಣೆಯ ವಾಸನೆಯಿಲ್ಲ. ಮಂಚದ ಅಂಚಿನಲ್ಲಿ ಯಾರೋ ಮುದುಕ ಮುದುಕಿ ಹೊಸ ಬಟ್ಟೆಯಲ್ಲಿ ಕುಳಿತಿದ್ದರು.

"ಇದು ನನ್ನ ಕೋಣೆ," ಎಂದ ಪೋಸ್ಟಣ್ಣ.

"ಇಲ್ಲಿ ಮೊದ್ಲು ಇದ್ದೋರು ಹೋಗ್ಬಿಟ್ರಂತೆ," ಎಂದಳು ಮುದುಕಿ, ಮರುಕದಿಂದ.

"ನೀವೂ... ಹೋದೋರೇನಾ?"

"ಹೂಂ, ಹೊರಟ್ವಿ ನೋಡಿ. ಮಕ್ಕಳೆಲ್ಲಾ ಸೇರಿ ಕಳಿಸಿಕೊಟ್ರು," ಎಂದು ಮುದುಕ ನಕ್ಕ.

ಪೋಸ್ಟಣ್ಣ ಅಲ್ಲಿ ನಿಲ್ಲಲಿಲ್ಲ. ಓಣಿಯ ತುದಿಯಲ್ಲಿ ಜನರ ಸಾಲೊಂದು ಕಂಡಿತು. ಎಲ್ಲರ ಮೈಮೇಲೂ ಒಂದೇ ಥರದ ಕಿತ್ತಳೆ ಅಂಗಿ, ಎಲ್ಲರೂ ಮೌನ. ಮುಂದೆ ಬಿಳಿಯ ಸಮವಸ್ತ್ರದ ಅಧಿಕಾರಿ ಒಬ್ಬೊಬ್ಬರನ್ನೇ ನೋಡಿ ಆಚೆ ಕಳಿಸುತ್ತಿದ್ದ. ಚಿತ್ರಗುಪ್ತನ ಕಚೇರಿ ಹೀಗಿರುತ್ತದೆ ಎಂದು ಯಾರೂ ಹೇಳಿರಲಿಲ್ಲ! ಸರದಿ ಬಂದಾಗ ಪೋಸ್ಟಣ್ಣ ಅವನ ಕಾಲಿಗೇ ಬಿದ್ದ.

"ಸ್ವಾಮೀ, ಮೊಮ್ಮಗಳನ್ನ ಇನ್ನೂ ನೋಡಿಲ್ಲ. ಒಂದೇ ಒಂದ್ಸಲ ಎತ್ಕೊಂಡು ಬಂದ್ಬಿಡ್ತೀನಿ!"

"ಏಳಿ ಯಜಮಾನ್ರೇ, ಇದು ಹಡಗು ಮುಳುಗಿದ್ರೆ ಏನು ಮಾಡ್ಬೇಕು ಅಂತ ಹೊಸಬರಿಗೆ ಅಭ್ಯಾಸ ಮಾಡಿಸೋದು. ನಿಮ್ಮ ಲೈಫ್ ಜಾಕೆಟ್ ಎಲ್ಲಿ? ಕಾರ್ಡು?"

ಹೆಸರು ಹೇಳಿದ. ಅಧಿಕಾರಿ ಯಂತ್ರ ಒತ್ತಿ ನೋಡಿ, ಮುಖ ಸಣ್ಣ ಮಾಡಿದ. "ನೀವು ಬೆಳಿಗ್ಗೇನೇ ಇಳಿದು ಹೋಗಿದ್ದೀರಲ್ಲ!"

ನೂಕುನುಗ್ಗಲಿನಲ್ಲಿ ಭಾಮೈದ, "ಭಾವ ಹಿಂದೇನೇ ಬರ್ತಿದಾರೆ" ಎಂದು ಇವನ ಕಾರ್ಡನ್ನೂ ತಾನೇ ಯಂತ್ರಕ್ಕೆ ತೋರಿಸಿಬಿಟ್ಟಿದ್ದ.

"ಹಾಗಾದ್ರೆ ಈಗ ಇಳಿಸ್ಬಿಡಿ."

ಅಧಿಕಾರಿ ಕಿಟಕಿಯತ್ತ ಕೈ ತೋರಿಸಿದ. ಬಂದರಿನ ಕಟ್ಟಡಗಳು ಮೆಲ್ಲನೆ ಹಿಂದಕ್ಕೆ ಸರಿಯುತ್ತಿದ್ದವು.

ಆ ಬಂದರಿನಿಂದ ಹಡಗು ಇನ್ನು ವಾರವಿಡೀ ವಿಹಾರದ ಸುತ್ತು ಹೊಡೆದು ಅಲ್ಲಿಗೇ ಮರಳುವುದು, ನಡುವೆ ಎಲ್ಲೂ ದಡ ಮುಟ್ಟುವುದಿಲ್ಲ. ಹಡಗಿನವರು ಹಚ್ಚಿಕೊಟ್ಟ ಫೋನಿನಲ್ಲಿ ಹೆಂಡತಿ ಅತ್ತಳು, ಬೈದಳು, ಮತ್ತೆ ಅತ್ತಳು. ಪೋಸ್ಟಣ್ಣ ಛಲ ಹಿಡಿದ. ಅಡುಗೆಮನೆಯ ಪಕ್ಕ ಕೊಟ್ಟ ಗೂಡಿನಂಥ ಕೋಣೆಯಿಂದ ಇಳಿಯುವ ಬಾಗಿಲಿಗೆ, ಬಾಗಿಲಿನಿಂದ ಕೋಣೆಗೆ, ವಾರವಿಡೀ ಗಾಣದ ಎತ್ತಿನಂತೆ ನಡೆದ. ಮುಂದಿನ ಶನಿವಾರ ಹಡಗು ಅದೇ ಬಂದರಿಗೆ ಬಂದಾಗ ಎಲ್ಲರಿಗಿಂತ ಮೊದಲು ಇಳಿದವನು ಅವನೇ.

ಕೆಳಗೆ ಯಾರೂ ಇರಲಿಲ್ಲ. ಕಾದ. ನೆತ್ತಿಯ ಬಿಸಿಲು ಇಳಿಯುವವರೆಗೂ ಕಾದ. ಕೊನೆಗೆ ಕಾವಲುಗಾರನನ್ನು ಕೇಳಿದ. ಈ ಸಲ ಕೇಳಲು ನಾಚಲಿಲ್ಲ.

"ನಿಮ್ಮೋರಾ? ಆಗ್ಲೇ ಆ ಕಡೆ ಹತ್ತೋ ಬಾಗ್ಲಿಂದ ಒಳಗೆ ಹೋದ್ರಲ್ಲ! 'ನಮ್ಮ ಭಾವಂಗೆ ಬಾಗ್ಲು ಸಿಗಲ್ಲ, ಹುಡುಕಿ ಕರ್ಕೊಂಡ್ಬರ್ತೀವಿ, ನಂಗೆ ಮೂಲೆಮೂಲೆ ಗೊತ್ತು' ಅಂತ ಒಬ್ಬ ಪಾಸು ಮಾಡಿಸ್ಕೊಂಡು ಎಲ್ಲರ್ನೂ ಕರ್ಕೊಂಡ್ಹೋದ. ಎಳೆಮಗೂನೂ ಇತ್ತು. ಇನ್ನೂ ಬಂದಿಲ್ಲ."

ಅಷ್ಟರಲ್ಲಿ ಹಡಗು ಹೊಟ್ಟೆಯೊಳಗಿನಿಂದ ಕೂಗಿತು. ಹಗ್ಗಗಳು ಬಿಚ್ಚಿಕೊಂಡವು. ಎಲ್ಲೋ ಆಕಾಶದಷ್ಟು ಎತ್ತರದ ಕಂಬಿಸಾಲಿನ ಬಳಿ ಭಾಮೈದ ಎರಡೂ ಕೈ ಬೀಸುತ್ತಿದ್ದ. ಪಕ್ಕದಲ್ಲಿ ಮಗಳು. ಅವಳ ಪಕ್ಕ ಹೆಂಡತಿ ಅಂಗೈಯಗಲದ ಗಂಟೊಂದನ್ನು ಎತ್ತಿ ಎತ್ತಿ ತೋರಿಸುತ್ತಿದ್ದಳು. ಪೋಸ್ಟಣ್ಣನೂ ಕೈ ಚಾಚಿದ. ನಡುವೆ ನೀರು ಅಗಲವಾಗುತ್ತಾ ಹೋಯಿತು.

ಹೆಂಡತಿ, ಮಗಳು, ಭಾಮೈದ, ಇನ್ನೂ ಮುಖ ಕಾಣದ ಮೊಮ್ಮಗಳು, ಎಲ್ಲರೂ ಹೊರಟುಹೋದದ್ದು ಆ ಶನಿವಾರ.