ಇಬ್ಬರಿಗೂ ಕಿಟಕಿ

ಶಿವಲೀಲಾ ತನ್ನ ಗಂಡನ ಮಗ್ಗುಲಲ್ಲಿ ಕುಳಿತದ್ದು ಜೀವಮಾನದಲ್ಲಿ ಒಂದೇ ಒಂದು ಸಲ. ಅದೂ ಇಪ್ಪತ್ತೇಳು ವರ್ಷದ ಹಿಂದೆ, ಹಸೆಮಣೆಯ ಮೇಲೆ. ಆವತ್ತು ತಲೆ ಎತ್ತಬಾರದೆಂದು ಹಿರಿಯರ ಫರ್ಮಾನು ಆಗಿದ್ದರಿಂದ ಅವಳಿಗೆ ಕಂಡದ್ದು ಗಂಡನ ಎಡಗಾಲಿನ ಹೆಬ್ಬೆರಳು ಮಾತ್ರ. (ಹೆಬ್ಬೆರಳು ಚೆನ್ನಾಗಿಯೇ ಇತ್ತು. ಅದರ ಬಗ್ಗೆ ಅವಳ ತಕರಾರಿಲ್ಲ.)

ಆಮೇಲೆ? ಆಮೇಲೆ ಇನ್ನೇನು, ಸಂಸಾರ! ಕುಷ್ಟಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ದೊಡ್ಡಬಸಪ್ಪ ಬಸ್ಸು ಹತ್ತಿದರೆ ಹಿಂದೆ ಗಂಡಸರ ಜೊತೆ ಕೂರುವವನು. ಹೆಂಡತಿ ಮುಂದೆ ಹೆಂಗಸರ ಸೀಟಿನಲ್ಲಿ. ಮನೆಮಂದಿಯೆಲ್ಲ ಕ್ರೂಸರ್ ಗಾಡಿ ಮಾಡಿಕೊಂಡು ಹೊರಟರೆ ಅವನು ಮುಂದೆ ಡ್ರೈವರನ ಪಕ್ಕ. ಹೆಂಡತಿ ಹಿಂದೆ, ಕಿಟಕಿಗಳ ಉದ್ದಕ್ಕೂ ಹಾಕಿದ ಬೆಂಚಿನ ಮೇಲೆ, ಅತ್ತೆ, ನೆಗೆಣ್ಣಿ ಮತ್ತು ಬುತ್ತಿಗಂಟುಗಳ ನಡುವೆ ಭುಜಕ್ಕೆ ಭುಜ ಒತ್ತಿಕೊಂಡು. ಮದುವೆಮನೆಯಲ್ಲಿ ಗಂಡಸರ ಸಾಲು ಬೇರೆ. ಮನೆಯಲ್ಲಿ ಅವನು ಉಣ್ಣಲು ಕೂತಾಗ ಅವಳು ಬಡಿಸಬೇಕು. ಅವಳು ಕೂರುವ ಹೊತ್ತಿಗೆ ಅವನು ಅಂಗಡಿಯಲ್ಲಿ. ಅಡುಗೆಮನೆ ಒರೆಸಿ ಕೋಣೆಗೆ ಬಂದರೆ ಗೊರಕೆಯ ಸ್ವಾಗತ. ದಿನವೊಂದಕ್ಕೆ ಅವನು ಹೆಂಡತಿಯೊಡನೆ ಆಡುವ ಮಾತನ್ನು ಒಮ್ಮೆ ಅವಳು ಬೆರಳು ಮಡಚಿ ಎಣಿಸಿದ್ದಳು. ಎರಡನೇ ಕೈ ಬೇಕಾಗಲಿಲ್ಲ.

ಕೆಟ್ಟ ಮನುಷ್ಯನೇನಲ್ಲ, ಖಂಡಿತ ಅಲ್ಲ. ಒಂದು ದಿನ ಬೈದವನಲ್ಲ, ಕುಡಿದವನಲ್ಲ. ಆದರೆ ಮಗಳು ಕವಿತಾ ಲಗ್ನವಾಗಿ ಗಂಗಾವತಿಗೆ ಹೋದ ಮೇಲೆ ಮಧ್ಯಾಹ್ನ ಮೂರು ಗಂಟೆಗೆ ಶಿವಲೀಲಾಳಿಗೆ ಏನೋ ಆಗತೊಡಗಿತ್ತು. ಪಾತ್ರೆ ತೊಳೆದಾಗಿರುತ್ತಿತ್ತು, ಅತ್ತೆ ಪಂಪಮ್ಮ ಮಲಗಿರುತ್ತಿದ್ದಳು, ನೆಗೆಣ್ಣಿ ಧಾರಾವಾಹಿಯೊಳಗೆ ಇಳಿದಿರುತ್ತಿದ್ದಳು. ಆಗ ಎದೆಯೊಳಗೆ ಖಾಲಿ ಕೊಡ ಉರುಳಿದ ಹಾಗೆ. ಹದಿನಾಲ್ಕು ಜನರಿರುವ ಮನೆಯಲ್ಲಿ ಒಂಟಿತನ ಎಂದರೆ ಯಾರು ನಂಬುತ್ತಾರೆ? ಅದಕ್ಕೇ ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವುದಾದರೆ ಗಂಡನಿಗೇ ಹೇಳಬೇಕು, ಅದಕ್ಕೆ ಅವನು ಒಂದು ಕಡೆ ಕೂರಬೇಕು, ಪಕ್ಕದಲ್ಲಿ ಅವಳೂ ಕೂರಬೇಕು. ಅಂಥ ಜಾಗ ಕುಷ್ಟಗಿಯಲ್ಲಿ ಇರಲಿಲ್ಲ.

ಅಂಥ ಹೊತ್ತಿನಲ್ಲಿ ಬೀಜದ ಕಂಪನಿಯಿಂದ ಕಾಗದ ಬಂತು. ಆ ವರ್ಷ ಹೆಚ್ಚು ಬೀಜ ಮಾರಿದ ಅಂಗಡಿಕಾರರಿಗೆಲ್ಲ ದಿಲ್ಲಿ-ಆಗ್ರಾ ಪ್ರವಾಸ. ಹುಬ್ಬಳ್ಳಿಯಿಂದ ವಿಮಾನ. ಹಿಂದಿನ ಸಲ ಬ್ಯಾಂಕಾಕಿಗೆ ಗಂಡಸರೇ ಹೋಗಿದ್ದರು. ಈ ಸಲ ದಂಪತಿ ಸಮೇತ!

ದೊಡ್ಡಬಸಪ್ಪ ಕಾಗದವನ್ನು ಹೆಂಡತಿಯ ಕೈಗೆ ಕೊಟ್ಟು, “ನಾ ಒಲ್ಲೆ,” ಎಂದ. “ವಿಮಾನದ ಗಾಳಿ ನನಗ ಆಗಂಗಿಲ್ಲ. ಹೋದ ಸಲ ಬಂದು ಎಂಟು ದಿನಾ ಮೂಗು ಸುರೀತು.”

ಅದು ನಿಜವೇ. ದೊಡ್ಡಬಸಪ್ಪನ ಮೂಗು ಊರಿಗೇ ಹೆಸರಾದ ಮೂಗು. ನೆಗಡಿ ಬಂತೆಂದರೆ ತಲೆಯ ಮೇಲೆ ಟವೆಲ್ಲು ಹೊದ್ದು ಗೋಡೆ ಕಡೆ ಮುಖ ಮಾಡಿ ಮಲಗುತ್ತಾನೆ, ಮೌನವ್ರತ. ಇದ್ದ ನಾಲ್ಕು ಮಾತೂ ಬಂದ್.

ಆದರೆ ಶಿವಲೀಲಾ ಆಗಲೇ ಲೆಕ್ಕ ಹಾಕಿಬಿಟ್ಟಿದ್ದಳು. ವಿಮಾನದಲ್ಲಿ ಎರಡೂವರೆ ತಾಸು. ಅಂಗಡಿ ಇಲ್ಲ, ಗಿರಾಕಿ ಇಲ್ಲ, ಮೊಬೈಲು ಹತ್ತುವುದಿಲ್ಲ. ಗಂಡನನ್ನು ಪಟ್ಟಿ ಹಾಕಿ ಕಟ್ಟಿ ಬೇರೆ ಕೂರಿಸುತ್ತಾರೆ! ಓಡಿಹೋಗೋಣವೆಂದರೆ ಕೆಳಗೆ ಬರೀ ಮೋಡ.

“ನೆಗಡಿ ಹತ್ತದಂಗ ನಾ ನೋಡ್ಕೋತೀನ್ರಿ,” ಎಂದಳು. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದು ಕೇಳಿ ದೊಡ್ಡಬಸಪ್ಪ ಗಾಬರಿಯಾಗಿ, “ಹೂಂ,” ಎಂದ.

ಹೀಗೆ ಆ ಮನೆಯಲ್ಲಿ ನಾಸಿಕ ಸಂರಕ್ಷಣಾ ಮಹಾಭಿಯಾನ ಶುರುವಾಯಿತು. ಪ್ರಧಾನ ಸಲಹೆಗಾರ್ತಿ ಅಮೃತಾ, ಮೈದುನನ ಮಗಳು. ಕೊಪ್ಪಳದ ಕಾಲೇಜಿನಿಂದ ಶನಿವಾರ ಮನೆಗೆ ಬರುವವಳು. ಅವಳು ಮೊಬೈಲು ನೋಡಿ ಓದಿ ಹೇಳುವುದು, ಇವಳು ಒಲೆ ಹಚ್ಚುವುದು.

“ಬಿಸಿನೀರು ಮ್ಯಾಲಿಂದ ಮ್ಯಾಲೆ ಕುಡೀಬೇಕಂತ, ದೊಡ್ಡವ್ವ. ಕೈ ತೊಳೀಬೇಕಂತ. ಮಾರಿಗೆ ಮಾಸ್ಕ್.”

“ಮುಂದ?”

“ಕಿಟಕಿ ಸೀಟು ಛಲೋ ಅಂತ. ನಡುವಿನ ದಾರ್‍ಯಾಗ ಮಂದಿ ಓಡಾಡತಿರ್ತಾರಲ್ಲ, ಅವರು ಕೆಮ್ಮಿದ್ದು ಸೀನಿದ್ದು ಕಿಟಕಿ ಹಂತೇಕ ಕುಂತವ್ರಿಗೆ ಕಮ್ಮಿ ತಾಕ್ತೈತಂತ.”

“ಹಂಗಾದ್ರ ಕಿಟಕಿನೇ ಹಾಕು.”

“ದೊಡ್ಡಪ್ಪಗ ಕಿಟಕಿ. ನಿನಗ?”

“ನನಗೂ ಕಿಟಕಿನೇ. ನನ್ನಿಂದ ಅವರಿಗೆ ಹತ್ತಬಾರದಲ್ಲ!”

“ಇಬ್ಬರಿಗೂ ಕಿಟಕಿ? ಖರೇನ?”

“ಇಬ್ಬರಿಗೂ,” ಎಂದಳು ಶಿವಲೀಲಾ, ರಾಣಿ ಸೀಮೆ ಹಂಚಿದಂತೆ.

ಅಮೃತಾ ಕಂಪನಿ ಕಳಿಸಿದ ಟಿಕೆಟಿನ ನಂಬರು ಹಾಕಿ ಮೊಬೈಲು ಒತ್ತಿದಳು, ಮುಗಿಯಿತು. ಶಿವಲೀಲಾಳಿಗೆ ಗೊತ್ತಿದ್ದದ್ದು ಕ್ರೂಸರಿನ ಹಿಂಭಾಗ. ಅಲ್ಲಿ ಕಿಟಕಿಯ ಉದ್ದಕ್ಕೂ ಬೆಂಚು, ಬೆಂಚಿನ ಉದ್ದಕ್ಕೂ ಮಂದಿ. ಚಿತ್ರದಲ್ಲಿ ನೋಡಿದ ವಿಮಾನಕ್ಕೂ ಗೇಣು ಗೇಣಿಗೆ ಒಂದು ಕಿಟಕಿ ಇತ್ತು. ಒಂದು ಕಿಟಕಿಗೆ ಗಂಡ, ಮಗ್ಗುಲ ಕಿಟಕಿಗೆ ಹೆಂಡತಿ, ಇಬ್ಬರ ನಡುವೆ ಒಂದು ಗೇಣು. ಅದರಲ್ಲಿ ಅವಳಿಗೆ ಅನುಮಾನವೇ ಬರಲಿಲ್ಲ, ನಿಮಗೂ ಬರುತ್ತಿರಲಿಲ್ಲ, ಇಪ್ಪತ್ತೇಳು ವರ್ಷ ಕ್ರೂಸರಿನ ಹಿಂದೆ ಕೂತಿದ್ದರೆ.

ಮುಂದಿನ ಹದಿನೈದು ದಿನ ದೊಡ್ಡಬಸಪ್ಪ ಅನುಭವಿಸಿದ್ದು ಅವನಿಗೇ ಗೊತ್ತು. ಬೆಳಿಗ್ಗೆ ಮೂಗಿಗೆ ಎರಡು ಹನಿ ಎಳ್ಳೆಣ್ಣೆ, ಮಧ್ಯಾಹ್ನ ಅಂಗಡಿಗೆ ಶುಂಠಿ ಕಷಾಯ, ಸಂಜೆ ಅರಿಶಿನದ ಹಾಲು. ಮೂಸಿ ನೋಡಲು ಅಜವಾನದ ಗಂಟು. ಕಿವಿ ಮುಚ್ಚಲು ಅವಳೇ ಹೆಣೆದ ಕೆಂಪು ಉಣ್ಣೆಯ ಟೋಪಿ, ನೆತ್ತಿಯ ಮೇಲೆ ಗೊಂಡೆ ಸಮೇತ.

“ಇದು ಸಣ್ಣ ಕೂಸಿನ ಟೊಪಗಿ ಕಂಡಂಗ ಕಾಣ್ತೈತಲ್ಲ,” ಎಂದು ಅವನು ಗೊಣಗಿದ.

“ಗಾಳಿಗೆ ವಯಸ್ಸು ಗೊತ್ತಾಗಂಗಿಲ್ರಿ. ಹಾಕ್ಕೋರಿ. ಮತ್ತ ನಡುವಿನ ದಾರ್‍ಯಾಗ ಓಡಾಡುವಾಗ ಬಾಯಿ ತಗೀಬ್ಯಾಡ್ರಿ. ಉಸಿರು ಬಿಗಿಹಿಡಿದು ನಡೀರಿ.”

“ಇಬ್ಬರೂ ವಿಮಾನದಾಗ ಹೊಂಟೀರೋ, ಹೊಳ್ಯಾಗ ಮುಳುಗಾಕ ಹೊಂಟೀರೋ!” ಎಂದಳು ಪಂಪಮ್ಮ.

ಹುಬ್ಬಳ್ಳಿಯ ನಿಲ್ದಾಣದಲ್ಲಿ ಮೊದಲ ಪೆಟ್ಟು ಬಿತ್ತು. ಸಾಮಾನು ತಪಾಸಣೆ ಮಾಡುವವರು ಕಷಾಯದ ಥರ್ಮಾಸು ಎತ್ತಿ ಹಿಡಿದು, ಇದನ್ನು ಒಳಗೆ ಬಿಡುವುದಿಲ್ಲ ಎಂದರು. ಶುಂಠಿ, ಮೆಣಸು, ಬೆಲ್ಲ ಹಾಕಿ ಕುದಿಸಿದ್ದನ್ನು ಚೆಲ್ಲುವುದುಂಟೆ? ಗಂಡನನ್ನು ಪಕ್ಕಕ್ಕೆ ನಿಲ್ಲಿಸಿ ಇದ್ದ ಒಂದು ಲೀಟರನ್ನೂ ಪೂರ್ತಿ ಕುಡಿಸಿದಳು. ಸರತಿಯಲ್ಲಿದ್ದ ಅಂಗಡಿಕಾರರೆಲ್ಲ ನೋಡಿದರು. ದೊಡ್ಡಬಸಪ್ಪ ವಿಧೇಯನಾಗಿ ಕುಡಿದ. ಅವಳ ಮೇಲೆ ಅವನಿಗೆ ಅಷ್ಟು ನಂಬಿಕೆ ಬಂದಿತ್ತು.

ವಿಮಾನದೊಳಗೆ ಹೋದ ಕೂಡಲೇ ಶಿವಲೀಲಾಳ ಕಾಲು ನಿಂತವು. ಉದ್ದ ಬೆಂಚು ಎಲ್ಲಿದೆ? ಎಲ್ಲರೂ ಶಾಲೆಯ ಮಕ್ಕಳ ಹಾಗೆ ಮುಂದಕ್ಕೆ ಮುಖ ಮಾಡಿ ಕೂತಿದ್ದಾರೆ! ಈ ಕಡೆ ಮೂರು, ಆ ಕಡೆ ಮೂರು, ಪ್ರತಿ ಸಾಲಿನ ಕೊನೆಗೆ ಒಂದೊಂದೇ ಕಿಟಕಿ. ಗಗನಸಖಿ ಚೀಟಿ ನೋಡಿ ದೊಡ್ಡಬಸಪ್ಪನನ್ನು ಏಳನೇ ಸಾಲಿನ ಕಿಟಕಿಗೆ ಕಳಿಸಿದಳು. ಶಿವಲೀಲಾಳನ್ನು ಹನ್ನೆರಡನೇ ಸಾಲಿಗೆ.

ಅವಳು ಏಳನೇ ಸಾಲಿನ ಬಳಿಯೇ ಚೀಲ ಹಿಡಿದು ನಿಂತಳು. ದೊಡ್ಡಬಸಪ್ಪನ ಪಕ್ಕದ ಸೀಟಿನಲ್ಲಿ ಕೂತಿದ್ದವನು ಯಲಬುರ್ಗಾದ ಬೀಜದಂಗಡಿಯ ಮುರ್ತುಜಾಸಾಬ. ಅವನ ಹೆಂಡತಿ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದಿದ್ದಳು. ಅವನಿಗೆ ಒಂದೇ ನೋಟದಲ್ಲಿ ಎಲ್ಲವೂ ತಿಳಿಯಿತು.

“ಅರೆ ಸಾವ್ಕಾರ್‍ರ, ಭಾಭೀನ ಇಲ್ಲೇ ಕುಂದ್ರಸ್ರಿ. ನಾ ಅವರ ಜಾಗಾಕ ಹೋಗ್ತೀನಿ, ಅದ್ರಾಗೇನೈತಿ!”

ಅವನು ಅರ್ಧ ಎದ್ದೂ ಬಿಟ್ಟಿದ್ದ. ಶಿವಲೀಲಾಳ ಎದೆ ಹೂವಾಯಿತು.

“ಬ್ಯಾಡ ಬ್ಯಾಡ!” ಎಂದು ದೊಡ್ಡಬಸಪ್ಪ ಮಾಸ್ಕಿನೊಳಗಿನಿಂದಲೇ ಕೂಗಿದ. “ಆಕಿ ಕಿಟಕಿ ಬಿಟ್ಟು ಬರಂಗಿಲ್ರಿ. ನಡುವ ಕುಂತ್ರ ನೆಗಡಿ ಹತ್ತತೈತಿ. ಆಕಿನೇ ಹುಡುಕಿ ಹುಡುಕಿ ಇಬ್ಬರಿಗೂ ಕಿಟಕಿ ಹಾಕಿಸ್ಯಾಳ. ಭಾಳ ತಿಳ್ಕೊಂಡಾಳ್ರಿ ಅದರ ಬಗ್ಗೆ! ಹೌದಿಲ್ಲೋ?”

ಕೊನೆಯ ಮಾತು ಅವಳಿಗೆ. ಮುರ್ತುಜಾಸಾಬ ಅರ್ಧ ಎದ್ದವನು ಹಾಗೇ ಅವಳ ಮುಖ ನೋಡಿದ. ಹಿಂದೆ ಇಪ್ಪತ್ತು ಜನ ಚೀಲ ಹಿಡಿದು ನಿಂತಿದ್ದರು. ನೆಗಡಿ ಬಂದರೆ ಬರಲಿ, ನನಗೆ ನಿಮ್ಮ ಪಕ್ಕ ಕೂರಬೇಕು. ಅಷ್ಟೇ ಹೇಳಬೇಕಿತ್ತು. ಇಪ್ಪತ್ತು ಮಂದಿಯ ಮುಂದೆ, ಐವತ್ತರ ಹತ್ತಿರದ ಹೆಂಗಸು, ಅದನ್ನು ಹೇಗೆ ಹೇಳುತ್ತಾಳೆ? ಅವಳ ಬಾಯಿಂದ ಬಂದದ್ದು, “ಹೌದ್ರಿ.”

ಹನ್ನೆರಡನೇ ಸಾಲಿನಲ್ಲಿ ಅವಳ ಪಕ್ಕ ಒಬ್ಬ ಹುಡುಗಿ ಕಿವಿಗೆ ಏನೋ ಸಿಕ್ಕಿಸಿಕೊಂಡು ಆಗಲೇ ನಿದ್ದೆ ಹೋಗಿದ್ದಳು. ವಿಮಾನ ಏರಿತು. ಕಿಟಕಿಯಲ್ಲಿ ಮೋಡ ಬಂತು, ಚೆನ್ನಾಗಿತ್ತು, ತೋರಿಸೋಣವೆಂದರೆ ಯಾರಿಲ್ಲ. ಐದು ಸಾಲು ಮುಂದೆ ಸೀಟಿನ ಮೇಲಿಂದ ಕೆಂಪು ಟೋಪಿಯ ಗೊಂಡೆ ಮಾತ್ರ ಕಾಣುತ್ತಿತ್ತು. ಅವಳು ಅದನ್ನೇ ನೋಡುತ್ತ ಕೂತಳು.

ಸ್ವಲ್ಪ ಹೊತ್ತಿಗೆ ಗೊಂಡೆ ಅಲ್ಲಾಡಿತು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ದೊಡ್ಡಬಸಪ್ಪ ನಗುತ್ತಿದ್ದ! ಮುರ್ತುಜಾಸಾಬ ಏನೋ ಹೇಳಿದ, ಇವನು ಏನೋ ಹೇಳಿದ, ಗೊಂಡೆ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು. ಗಂಟೆ ಕಳೆದರೂ ಮಾತು ಮುಗಿಯಲಿಲ್ಲ. ಇಷ್ಟು ಮಾತು ಈ ಮನುಷ್ಯನ ಒಳಗೆ ಎಲ್ಲಿತ್ತು? ಅದೂ ತಾನು ಎಳ್ಳೆಣ್ಣೆ ಹಾಕಿ, ಕಷಾಯ ಕುಡಿಸಿ, ತನಗೆಂದು ಕಾಪಾಡಿಕೊಂಡು ತಂದ ಗಂಟಲು! ಮುರ್ತುಜಾಸಾಬ ಒಂದು ಹನಿ ಖರ್ಚಿಲ್ಲದೆ ಅದನ್ನು ಅನುಭವಿಸುತ್ತಿದ್ದಾನೆ.

ಒಂದು ಲೀಟರ್ ಕಷಾಯ ಸುಮ್ಮನಿರುತ್ತದೆಯೇ? ದೊಡ್ಡಬಸಪ್ಪ ಎದ್ದು ಹಿಂದಿನ ಶೌಚಾಲಯದ ಕಡೆಗೆ ಹೊರಟ. ಅವಳು ಸೆರಗು ಸರಿಮಾಡಿಕೊಂಡಳು. ಹತ್ತಿರ ಬಂದ, ಅವಳನ್ನು ನೋಡಿದ, ಕಣ್ಣರಳಿಸಿದ.

“ಏನ್ರಿ,” ಎಂದಳು.

ಅವನು ಮಾಸ್ಕಿನೊಳಗೇ ಕೆನ್ನೆ ಉಬ್ಬಿಸಿ, ಬೆರಳಿನಿಂದ ಬಾಯಿಯ ಕಡೆ ತೋರಿಸಿ, ಮುಂದೆ ನಡೆದ. ದಾರಿಯಲ್ಲಿ ಬಾಯಿ ತೆರೆಯಬಾರದು. ಬರುವಾಗಲೂ ಹಾಗೇ ಬಂದ. ಅಂಥ ಆಜ್ಞಾಧಾರಕ ಗಂಡ ಕೊಪ್ಪಳ ಜಿಲ್ಲೆಯಲ್ಲೇ ಸಿಗಲಾರ.

ಅವನು ದಾಟಿ ಹೋದ ಮೇಲೆ ಶಿವಲೀಲಾಳಿಗೆ ಅಳು ಬಂತು. ನಗು ಬರಬೇಕಾದ ಕಡೆ ಅಳು ಬಂದದ್ದಕ್ಕೆ ಅವಳಿಗೇ ನಾಚಿಕೆಯಾಗಿ, ಮಾಸ್ಕನ್ನು ಮೇಲಕ್ಕೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದಳು. ಗಡಿಯಾರ ನೋಡಿದಳು. ಮೂರು ಗಂಟೆ. ಮನೆಯಲ್ಲಿದ್ದರೆ ಪಾತ್ರೆ ಸದ್ದಾದರೂ ಇರುತ್ತಿತ್ತು. ದಿಲ್ಲಿ ಬರುವವರೆಗೂ ಅವಳ ಕಣ್ಣು ಮೂಗು ಎರಡೂ ನಿಲ್ಲಲಿಲ್ಲ.

ದಿಲ್ಲಿಯಲ್ಲಿ ಇಳಿದಾಗ ಕಂಪನಿಯ ಬಸ್ಸು ಕಾಯುತ್ತಿತ್ತು. ಎರಡೆರಡು ಸೀಟಿನ ಬಸ್ಸು! ಶಿವಲೀಲಾ ಎಲ್ಲರಿಗಿಂತ ಮೊದಲು ಹತ್ತಿ ಒಂದು ಜೋಡಿ ಸೀಟು ಹಿಡಿದು, ಪಕ್ಕದ ಸೀಟಿನ ಮೇಲೆ ಚೀಲ ಇಟ್ಟು ಕಾದಳು. ದೊಡ್ಡಬಸಪ್ಪ ಮಾಸ್ಕು ಗದ್ದಕ್ಕೆ ಇಳಿಸಿ, ಮುಖ ಅರಳಿಸಿಕೊಂಡು ಬಂದ. ಮೂಗು ಒಣಗಿದ ಹತ್ತಿಯಂತೆ ಇತ್ತು, ಒಂದು ಸೀನೂ ಇಲ್ಲ. ಅವಳೂ ಮಾಸ್ಕು ಇಳಿಸಿ, ಚೀಲ ಎತ್ತಿ ಮಡಿಲಲ್ಲಿಟ್ಟುಕೊಂಡಳು.

“ಮುರ್ತುಜಾ ಎಂಥಾ ಮನುಷ್ಯಾ ಅಂತೀನಿ! ನಕ್ಕು ನಕ್ಕು—” ಎಂದವನು ಅವಳ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. “ಅಯ್ಯಯ್ಯ! ಮೂಗು ಕೆಂಪಗಾಗೇತಿ, ಕಣ್ಣಾಗ ನೀರು! ನಿನಗ ಹತ್ತೇಬಿಡ್ತಲ್ಲ ನೆಗಡಿ!”

ಬಸ್ಸೆಲ್ಲ ತಿರುಗಿ ನೋಡಿತು. ನೆಗಡಿಯಲ್ಲ, ಅತ್ತದ್ದು ಎಂದರೆ, ಯಾಕೆ ಅತ್ತದ್ದೆಂದೂ ಹೇಳಬೇಕು.

“ಹೂಂನ್ರಿ,” ಎಂದಳು. “ನೆಗಡಿನೇ.”

ದೊಡ್ಡಬಸಪ್ಪನಿಗೆ ನಿಜವಾಗಿಯೂ ಕೆಡುಕೆನಿಸಿತು. ತನ್ನ ಟೋಪಿ ತೆಗೆದು, ಕೈ ಉದ್ದ ಚಾಚಿ, ಅವಳ ತಲೆಗೆ ಹಾಕಿದ. ಅಜವಾನದ ಗಂಟನ್ನು ಅವಳ ಮಡಿಲಿಗೆ ಎಸೆದ. “ನನ್ನ ಕಾಯೂದ್ರಾಗ ನಿನಗ ಹತ್ತಿತು ನೋಡು. ಎರಡೂ ಸೀಟು ನೀನೇ ಇಟ್ಕೋ, ಆರಾಮ ಕಾಲು ಚಾಚಿ ಕುಂದ್ರು. ನಾ ಅಲ್ಲಿ ಮುಂದ ಇರ್ತೀನಿ,” ಎಂದು ಮುರ್ತುಜಾಸಾಬನ ಪಕ್ಕ ಹೋಗಿ ಕುಳಿತ.

ಬಸ್ಸು ಹೊರಟಿತು. ಹತ್ತು ನಿಮಿಷಕ್ಕೊಮ್ಮೆ ಅವನು ಎದ್ದು ನಿಂತು ಹಿಂದಕ್ಕೆ ಕೂಗುತ್ತಿದ್ದ. “ನೀರು ಕುಡಿದಿ?” “ಕಿವಿ ಮುಚ್ಚಿಕೊಂಡಿ?” “ಥಂಡಿ ಹತ್ತಾಕತ್ತೇತೇನು?” ಇಪ್ಪತ್ತೇಳು ವರ್ಷದಲ್ಲಿ ಅವನು ಒಂದೇ ದಿನ ಅವಳೊಡನೆ ಇಷ್ಟು ಮಾತಾಡಿದ್ದಿಲ್ಲ. ಪ್ರತಿ ಸಲವೂ ಅವಳು ಪಕ್ಕದ ಖಾಲಿ ಸೀಟಿನ ಮೇಲೆ ಕೈ ಊರಿ, ತುಸು ಎದ್ದು, “ಹೂಂನ್ರಿ,” ಎನ್ನುತ್ತಿದ್ದಳು. ಒಂದು ಸಲ ಮಾತ್ರ ಸೆರಗಿನಿಂದ ಮೂಗು ಒತ್ತಿಕೊಂಡು ಕಿಟಕಿಯ ಕಡೆ ತಿರುಗಿಬಿಟ್ಟಳು.

“ಜೋರು ಐತ್ರಿ ನೆಗಡಿ,” ಎಂದು ದೊಡ್ಡಬಸಪ್ಪ ಬಸ್ಸಿನವರಿಗೆಲ್ಲ ಕೇಳುವಂತೆ ಹೇಳಿದ.