ಬೆನ್ನ ಮೇಲಿನ ಬೆಳಕು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಹಣೆಯ ಮೇಲಿನ ಒಂದು ಬುಗುಟು. ಹೋದ ವಾರ ಲ್ಯಾಬಿನ ಕತ್ತಲಲ್ಲಿ ‘ಕತ್ತಲೆ ಮೇಷ್ಟ್ರು’ ಮತ್ತು ಮೆಕ್ಯಾನಿಕ್ ಸ್ಪ್ಯಾನರಣ್ಣ ಡಿಕ್ಕಿ ಹೊಡೆದುಕೊಂಡಿದ್ದರು. ಮನೆಯಲ್ಲಿ ಮೇಷ್ಟ್ರ ಹೆಂಡತಿ ಅವರ ಹಣೆಗೆ ಐಸ್ ಒತ್ತುತ್ತಾ ಕಣ್ಣೀರು ಹಾಕಿದ್ದಳು.

ಮೇಷ್ಟ್ರ ಕೆಲಸವೇ ಅಂಥದ್ದು. ಒಂದು ಹರಳಿನಿಂದ ಬೆಳಕಿನ ಕಣಗಳು ಜೋಡಿ ಜೋಡಿಯಾಗಿ ಹುಟ್ಟುತ್ತವೆ. ಆ ಎರಡರ ನಂಟು ಎಷ್ಟು ಗಟ್ಟಿಯೆಂದರೆ, ಇಲ್ಲಿ ಒಂದನ್ನು ಅಳೆದು ಅದರ ಕಂಪನ ಅಡ್ಡ ಎಂದು ಕಂಡರೆ, ಅಲ್ಲಿರುವ ಜೊತೆಗಾರನದು ನೆಟ್ಟಗೆ ಎಂದು ಮುಟ್ಟದೆಯೇ ಹೇಳಬಹುದು. ಆದರೆ ಒಂದೊಂದೇ ಕಣ ಎಣಿಸುವ ಯಂತ್ರಕ್ಕೆ ಹೊರಗಿನ ಚೂರು ಬೆಳಕೂ ಆಗಿಬರುವುದಿಲ್ಲ. ಎರವಲು ತಂದ ಆ ಯಂತ್ರ ನಾಳೆ ಬೆಳಿಗ್ಗೆ ವಾಪಸು ಹೋಗಬೇಕು. ಮೇಷ್ಟ್ರ ವರ್ಷಗಟ್ಟಲೆಯ ದುಡಿಮೆ ಇವತ್ತಿನ ಅಳತೆಯ ಮೇಲೆ ನಿಂತಿತ್ತು.

ಅವರು ಬಿಳಿ ಕೋಟು ತೊಟ್ಟು ಕಪ್ಪು ಪರದೆಯೊಳಗೆ ಕಾಲಿಟ್ಟದ್ದೇ ತಡ, ಯಂತ್ರಕ್ಕೆ ಸನ್ನಿ ಹಿಡಿದು ಎಣಿಕೆ ಎರ್ರಾಬಿರ್ರಿ ಏರಿತು. ಹೊರಗೆ ಬಂದರೆ ಗಪ್‌ಚಿಪ್.

“ಕಿಟಕಿ ಸಂದು ನೋಡ್ರೀ,” ಎಂದರು ವಿಭಾಗದ ಹಿರಿಯ ಮೇಡಂ. ಸಂದಿಗೆಲ್ಲ ಟೇಪು ಅಂಟಿಸಿದ್ದಾಯಿತು. ಒಳಗೆ ಹೋದರೆ ಮತ್ತೆ ಅದೇ ಗಲಾಟೆ.

“ನಿಮ್ಮನ್ನ ಕಂಡ್ರೇ ಆಗಲ್ಲ ಅದಕ್ಕೆ,” ಎಂದು ಪಕ್ಕದ ಲ್ಯಾಬಿನವರು ಟೀ ಹೀರುತ್ತಾ ತೀರ್ಪು ಕೊಟ್ಟರು.

ಸಂಜೆಯಾಗುತ್ತಾ ಬಂತು. ಪರದೆಯೊಳಗೆ ಇಣುಕಿದ ಸ್ಪ್ಯಾನರಣ್ಣ ಕಿರುಚಿದ: “ಅಯ್ಯೋ ಸಾರ್, ನಿಮ್ಮ ಬೆನ್ನು ಹೊಳೀತಿದೆ!”

ಕೋಟು ಕಳಚಿ ನೋಡಿದರೆ, ಕಾಲರಿನ ಕೆಳಗೆ ಕತ್ತಲಲ್ಲಿ ಹೊಳೆಯುವ ಬಿಳಿ ಪಟ್ಟಿ. ಹೆಂಡತಿಯ ಕೈಹೊಲಿಗೆ! ಗಂಡನಿಗೆ ಇನ್ನು ಯಾರೂ ಡಿಕ್ಕಿ ಹೊಡೆಯದಿರಲಿ ಅಂತ. ಮೇಷ್ಟ್ರು ಹೊರಗೆ ಟ್ಯೂಬ್‌ಲೈಟಿನಡಿ ನಿಂತು ಸಲಹೆ ಕೇಳಿದಷ್ಟೂ ಅದು ಬೆಳಕು ಕುಡಿದು, ಒಳಗೆ ಬಂದು ಉಗುಳುತ್ತಿತ್ತು. ಅವರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಹೊಲಿಗೆಯ ಮೇಲೊಮ್ಮೆ ಬೆರಳಾಡಿಸಿದರು.

ಕೋಟನ್ನು ಹೊರಗೆ ನೇತುಹಾಕಿ ಒಳಹೊಕ್ಕರು. ಯಂತ್ರ ತೆಪ್ಪಗಾಯಿತು. ಇಲ್ಲಿ ಅಡ್ಡ, ಅಲ್ಲಿ ನೆಟ್ಟಗೆ. ಜೋಡಿಗಳು ಚಾಚೂ ತಪ್ಪದೆ ಹೊಂದತೊಡಗಿದವು.

“ಬಂತು ಕಣಯ್ಯಾ!” ಎಂದು ಮೇಷ್ಟ್ರು ಗರ್ರನೆ ತಿರುಗಿದರು. ಓಡಿ ಬಂದ ಸ್ಪ್ಯಾನರಣ್ಣನಿಗೆ ಈಗ ಯಾವ ಬೆನ್ನೂ ಕಾಣಲಿಲ್ಲ. ಢಮಾರ್! ಮೊಣಕೈ ತಗುಲಿ, ಕಣಗಳನ್ನು ಯಂತ್ರದತ್ತ ತಿರುಗಿಸುವ ಮೇಜಿನ ಕನ್ನಡಿಗಳೆಲ್ಲ ದಿಕ್ಕಾಪಾಲು, ಅಳತೆ ಅರ್ಧಕ್ಕೇ ಖೋತಾ. ಅವನ್ನು ಮತ್ತೆ ಹೊಂದಿಸಲು ವಾರ ಬೇಕು. ಯಂತ್ರಕ್ಕೋ, ಬೆಳಿಗ್ಗೆಯೇ ಪ್ರಯಾಣ.

ಪಟ್ಟಿಯ ವಿಷಯ ಹೇಳಿ ಹೆಂಡತಿಯನ್ನು ನೋಯಿಸಬಾರದೆಂದು ಮೇಷ್ಟ್ರು ಕೋಟು ತೊಟ್ಟುಕೊಂಡೇ ಮನೆ ಸೇರಿದರು. ಆಕೆ ಬಾಗಿಲಲ್ಲೇ ಹಣೆ ಸವರಿ ನೋಡಿದಳು. ಹೊಸ ಬುಗುಟು.

“ಲ್ಯಾಬಲ್ಲಿ ಕೋಟು ತೆಗೆದಿಟ್ಟಿದ್ರಿ, ಅಲ್ವಾ?”

ಇಲ್ಲಿ ಹಣೆ ಮುಟ್ಟಿ, ಅಲ್ಲಿದ್ದ ಕೋಟಿನ ಸ್ಥಿತಿ ಹೇಳಿಬಿಟ್ಟಳು! ತಮಗೆ ಕೈಕೊಟ್ಟ ಅಳತೆ ಇವಳಿಗೆ ಒಂದೇ ಸಲಕ್ಕೆ ಸಿಕ್ಕಿತಲ್ಲ ಎಂದು ಮೇಷ್ಟ್ರು ಬೆಪ್ಪಾಗಿ ನಿಂತರು.

“ನೀವು ತೆಗೀತೀರಿ ಅಂತ ಗೊತ್ತಿತ್ತು ಕಣ್ರೀ,” ಐಸ್ ಒತ್ತುತ್ತಾ ಆಕೆ ನಕ್ಕಳು. “ಅದಕ್ಕೇ ಇವತ್ತು ಅಂಗಿಗಳಿಗೂ ಪಟ್ಟಿ ಹೊಲಿದೆ. ಎಲ್ಲಕ್ಕೂ.”